ಫ್ರೆಂಚರು ‘ಹೋಗು’ ಕ್ರಿಯಾಪದದಿಂದ ಭವಿಷ್ಯ ಕಟ್ಟಿದ್ದು ಹೇಗೆ?

ಫ್ರೆಂಚ್ ಕಲಿಯುವವರಿಗೆ ಬೇಗ ಕೈಗೆ ಹತ್ತುವ ಕಾಲರೂಪ ಅಂದರೆ ‘ಫ್ಯುತ್ಯೂರ್ ಪ್ರೋಶ್’, ಹತ್ತಿರದ ಭವಿಷ್ಯ. ‘ಆಲೆ’ ಅಂದರೆ ಹೋಗು. ಅದರ ವರ್ತಮಾನದ ಆರು ರೂಪ ಬಾಯಿಪಾಠ ಆದರೆ ಸಾಕು: ಜ ವೆ, ತ್ಯು ವಾ, ಇಲ್ ವಾ, ನೂ ಜ಼ಾಲೋಂ, ವೂ ಜ಼ಾಲೆ, ಇಲ್ ವೋಂ. ಅದರ ಮುಂದೆ ಬೇಕಾದ ಕ್ರಿಯಾಪದವನ್ನು ನಿಘಂಟಿನಲ್ಲಿ ಇರುವ ರೂಪದಲ್ಲೇ ಇಟ್ಟರಾಯಿತು. ‘ಮಾಂಜೆ’ ಅಂದರೆ ತಿನ್ನು. ‘ಜ ವೆ ಮಾಂಜೆ’ ಅಂದರೆ ನಾನು ತಿನ್ನಲಿದ್ದೇನೆ. ತಿನ್ನುವುದಿಲ್ಲ ಅನ್ನಬೇಕಾದರೆ ‘ಜ ನ ವೆ ಪಾ ಮಾಂಜೆ’. ‘ನ’, ‘ಪಾ’ ಎರಡೂ ‘ವೆ’ಯನ್ನು ಸುತ್ತುತ್ತವೆ, ‘ಮಾಂಜೆ’ಯ ತಂಟೆಗೆ ಹೋಗುವುದಿಲ್ಲ.

ಫ್ರೆಂಚಿನಲ್ಲಿ ಇನ್ನೊಂದು ಭವಿಷ್ಯತ್ಕಾಲವೂ ಇದೆ. ಅದು ಒಂದೇ ಪದದ್ದು: ‘ಮಾಂಜ್ರೆ’, ತಿನ್ನುವೆನು. ಅದರಲ್ಲಿ ಕ್ರಿಯಾಪದವೇ ಮುರಿದು ಬದಲಾಗುತ್ತದೆ. ‘ವೆನೀರ್’ ಅಂದರೆ ಬಾ, ಅದು ‘ವಿಯಾಂದ್ರೆ’ ಆಗುತ್ತದೆ. ‘ಎತ್ರ್’ ಅಂದರೆ ಇರು, ಅದು ‘ಸರೆ’ ಆಗುತ್ತದೆ. ಹೊಸಬರು ತಡವರಿಸುವುದು ಇಲ್ಲೇ.

ನನಗೆ ಕುತೂಹಲ ಇರುವುದು ಆ ಕಷ್ಟದ ರೂಪದ ಹುಟ್ಟಿನಲ್ಲಿ. ಅದೂ ಒಂದು ಕಾಲಕ್ಕೆ ಎರಡು ಬಿಡಿ ಪದವೇ ಆಗಿತ್ತು!

ಫ್ರೆಂಚ್ ಹುಟ್ಟಿದ್ದು ಲ್ಯಾಟಿನ್‌ನಿಂದ. ಆ ಲ್ಯಾಟಿನ್‌ನಲ್ಲಿ ‘ಕಂತಾಬಿತ್’ ಅಂದರೆ ಹಾಡುವನು, ‘ಕಂತಾವಿತ್’ ಅಂದರೆ ಹಾಡಿದನು. ಆಡುಮಾತಿನಲ್ಲಿ ಸ್ವರಗಳ ನಡುವಿನ ಬಕಾರ ವಕಾರದ ಕಡೆಗೆ ಜಾರಿತು. ನಾಳೆಯೂ ನಿನ್ನೆಯೂ ಕಿವಿಗೆ ಒಂದೇ ಥರ ಕೇಳತೊಡಗಿದವು. ಆಗ ಜನರ ಬಾಯಲ್ಲಿ ಬಳಕೆಗೆ ಬಂದದ್ದು ‘ಕಂತಾರೆ ಹಬೆಯೊ’. ಹಾಡುವುದು ನನಗಿದೆ ಎನ್ನುವ ಅರ್ಥ. ನಾವು ‘ನಾಳೆ ಒಂದು ಕೆಲಸ ಮಾಡೋದಿದೆ’ ಅನ್ನುವುದಿಲ್ವಾ, ಹಾಗೆಯೇ. ಬಳಸಿ ಬಳಸಿ ಎರಡೂ ಪದ ಒಂದಕ್ಕೊಂದು ಅಂಟಿಕೊಂಡವು. ಫ್ರೆಂಚಿನ ‘ಶಾಂತ್ರೆ’ ಬಂದದ್ದು ಹೀಗೆ. ‘ಆವ್ವಾರ್’ ಕ್ರಿಯಾಪದಕ್ಕೆ ‘ನನ್ನಲ್ಲಿದೆ’ ಎಂಬ ಅರ್ಥ. ಅದರ ಎ, ಆ, ಆ, ಓಂ ಎಂಬ ತುದಿಗಳು ಇವತ್ತಿಗೂ ಭವಿಷ್ಯದ ರೂಪಗಳ ಕೊನೆಯಲ್ಲಿ ಸ್ಪಷ್ಟವಾಗಿ ಕೂತಿವೆ. 842ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಇಬ್ಬರು ಅಣ್ಣತಮ್ಮ ರಾಜರು ಮಾಡಿದ ಪ್ರಮಾಣದ ಪಠ್ಯ ಉಳಿದಿದೆ. ಫ್ರೆಂಚಿನ ಅತಿ ಹಳೆಯ ಬರಹ ಎಂದು ಅದನ್ನು ಎಣಿಸುತ್ತಾರೆ. ಅದರಲ್ಲಿ ‘ಸಾಲ್ವರಾಯ್’, ಕಾಪಾಡುವೆನು, ಎಂದಿದೆ. ಅಷ್ಟು ಹೊತ್ತಿಗೆ ಬೆಸುಗೆ ಪೂರ್ತಿಯಾಗಿತ್ತು.

ಸ್ವತಂತ್ರ ಪದವೊಂದು ಸವೆದು ವ್ಯಾಕರಣದ ಪ್ರತ್ಯಯವಾಗುವ ಈ ಕ್ರಿಯೆಗೆ 1912ರಲ್ಲಿ ಫ್ರೆಂಚ್ ಭಾಷಾವಿಜ್ಞಾನಿ ಅಂತ್ವಾನ್ ಮೆಯೆ ‘ವ್ಯಾಕರಣೀಕರಣ’ ಎಂಬ ಅರ್ಥದ ಹೆಸರು ಕೊಟ್ಟರು. ಈಗ ಅದೇ ಹಾದಿಯಲ್ಲಿ ‘ಆಲೆ’ ನಡೆಯುತ್ತಿದೆ. ನಾನು ಊರಿನ ಕಡೆ ಹೊರಟೆ ಎನ್ನುವ ನಡಿಗೆಯ ಅರ್ಥ ಸವೆದು ಹೋಗಿರುವುದಕ್ಕೆ ಸಾಕ್ಷಿ ಬೇಕಾ? ‘ಜ ವೆ ಆಲೆ’ ಎನ್ನಬಹುದು, ಅಂದರೆ ಹೋಗು ಎರಡು ಸಲ. ‘ಇಲ್ ವಾ ಪ್ಲೂವ್ವಾರ್’, ಮಳೆ ಬರಲಿದೆ ಎನ್ನಬಹುದು, ಅಲ್ಲಿ ನಡೆಯುವವರು ಯಾರೂ ಇಲ್ಲ. ಆದರೆ ಬೆಸುಗೆ ಇನ್ನೂ ಗಟ್ಟಿಯಾಗಿಲ್ಲ. ‘ಜ ವೆ ಲ ಮಾಂಜೆ’ ಅಂದರೆ ಅದನ್ನು ತಿನ್ನಲಿದ್ದೇನೆ. ‘ಲ’, ಅಂದರೆ ಅದನ್ನು, ನಡುವೆ ನುಸುಳಿದೆ. ‘ಮಾಂಜ್ರೆ’ಯ ಒಳಗೆ ಹಾಗೆ ಏನನ್ನೂ ತೂರಿಸಲು ಆಗುವುದಿಲ್ಲ.

‘ಹತ್ತಿರದ’ ಎಂಬ ಹೆಸರನ್ನು ಜಾಸ್ತಿ ನಂಬಬೇಡಿ. ಐದು ನೂರು ಕೋಟಿ ವರ್ಷಗಳ ನಂತರ ಸೂರ್ಯ ಆರಿಹೋಗುವ ವಿಷಯವನ್ನೂ ಇದೇ ರೂಪದಲ್ಲಿ ಹೇಳಬಹುದು. ರೈಲು ಇನ್ನೈದು ನಿಮಿಷಕ್ಕೆ ಹೊರಡುತ್ತದೆ ಎನ್ನಲು ಆ ಇನ್ನೊಂದು ರೂಪವೂ ನಡೆಯುತ್ತದೆ. ವ್ಯತ್ಯಾಸ ಇರುವುದು ಗಡಿಯಾರದಲ್ಲಿ ಅಲ್ಲ, ಈ ಕ್ಷಣದ ಜೊತೆಗಿನ ನಂಟಿನಲ್ಲಿ. ‘ಎಲ್ ವಾ ಆವ್ವಾರ್ ಅಂ ಬೆಬೆ’ ಅಂದರೆ ಕೇಳಿದವರು ಅವಳು ಬಸುರಿ ಎಂದುಕೊಳ್ಳುತ್ತಾರೆ. ‘ಎಲ್ ಓರಾ ಅಂ ಬೆಬೆ’ ಅಂದರೆ ಮುಂದೆಂದೋ ಅವಳಿಗೆ ಮಗುವಾಗುತ್ತದೆ, ಅಷ್ಟೇ. ಪಾಠಪುಸ್ತಕಗಳು ಇದನ್ನು ಮೊದಲೇ ಹೇಳಿದರೆ ಎಷ್ಟು ಚೆನ್ನ ಅನಿಸುತ್ತದೆ.

ಹೋಗುವುದು ಎಂದರೆ ಮುಂದಕ್ಕೇ, ಹಾಗಾಗಿ ಅದು ಭವಿಷ್ಯವೇ ಆಗಬೇಕು ಎಂದೇನೂ ಇಲ್ಲ. ಪಕ್ಕದ ಕತಲಾನ್ ಭಾಷೆಯಲ್ಲಿ ಇದೇ ಜೋಡಣೆ ‘ಹಾಡಿದೆ’ ಎಂಬ ಭೂತಕಾಲವನ್ನು ಹೇಳುತ್ತದೆ. ನಮ್ಮ ‘ಮರೆತುಹೋಯಿತು’, ‘ಒಡೆದುಹೋಯಿತು’ ನೋಡಿ. ಅಲ್ಲೂ ಯಾರೂ ಎಲ್ಲಿಗೂ ಹೋಗಿಲ್ಲ. ಕೆಲಸ ಪೂರ್ತಿ ಮುಗಿಯಿತು ಎನ್ನಲು ಕನ್ನಡ ಅದೇ ‘ಹೋಗು’ವನ್ನು ಸಹಾಯಕ್ಕೆ ಕರೆದಿದೆ.

ಬೆಸುಗೆಯ ಮುಂದಿನ ಹಂತ ನೋಡಬೇಕಾದರೆ ಅಟ್ಲಾಂಟಿಕ್ ದಾಟಬೇಕು. ಕೆನಡಾದ ಫ್ರೆಂಚ್ ಪ್ರಾಂತ್ಯ ಕ್ವಿಬೆಕ್‌ನ ಆಡುಮಾತಿನಲ್ಲಿ ‘ನಾನು ಹೋಗುತ್ತೇನೆ’ ಎಂಬುದು ‘ಮಾ’ ಎಂಬ ಒಂದೇ ಉಸಿರಿಗೆ ಇಳಿದಿದೆ, ‘ಮಾ ಮಾಂಜೆ’ ಎನ್ನುತ್ತಾರೆ. ಕೆನಡಾದ ಫ್ರೆಂಚ್ ಮಾತುಗಳನ್ನು ದಾಖಲಿಸಿ ಅಧ್ಯಯನ ಮಾಡಿದವರಿಗೆ ಕಂಡದ್ದು ಇನ್ನೂ ಸೊಗಸು: ಹೌದು ಎನ್ನುವ ವಾಕ್ಯಗಳಲ್ಲಿ ‘ಆಲೆ’ಯದ್ದೇ ಮೇಲುಗೈ, ಆದರೆ ಇಲ್ಲ ಎನ್ನುವ ವಾಕ್ಯಗಳಲ್ಲಿ ಹಳೆಯ ಒಂದೇ ಪದದ ರೂಪ ಬಲವಾಗಿ ಉಳಿದಿದೆ. ಫ್ರೆಂಚಿನಿಂದ ಹುಟ್ಟಿದ ಹೈಟಿಯ ಕ್ರಿಯೋಲ್ ಭಾಷೆಯಲ್ಲಂತೂ, ಕೆಲಸ ನಡೆಯುತ್ತಿದೆ ಎಂದು ಸೂಚಿಸುವ ‘ಆಪ್’ ಮತ್ತು ‘ಆಲೆ’ ಸೇರಿ ‘ಪ್ರಾಲ್’ ಆಗಿದೆ. ನಾನು ತಿನ್ನಲಿರಲಿ, ನೀನು ತಿನ್ನಲಿರಲಿ, ನಾವೆಲ್ಲ ತಿನ್ನಲಿರಲಿ, ಅಲ್ಲಿ ‘ಪ್ರಾಲ್’ ಒಂದೇ. ಬಾಯಿಪಾಠ ಮಾಡಬೇಕಿದ್ದ ಆರು ರೂಪಗಳ ಗೊಡವೆಯೇ ಇಲ್ಲ.