ಮಾತು ಬಿಟ್ಟು ಹೊರದೇಶದಲ್ಲಿರುವ ಅಣ್ಣನನ್ನು ಹುಡುಕುವುದು ಹೇಗೆ?

ಕರಾವಳಿಯಲ್ಲಿ ಸಿವಿಲ್ ವಕಾಲತ್ತು ಮಾಡುವವರ ಮುಂದೆ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅಪ್ಪ ತೀರಿಕೊಂಡಿದ್ದಾರೆ, ಜಾಗ ಪಾಲಾಗಬೇಕು. ಮಕ್ಕಳಲ್ಲಿ ಒಬ್ಬ ಜಗಳ ಮಾಡಿಕೊಂಡು ಹೊರದೇಶಕ್ಕೆ ಹೋದವನು ಮತ್ತೆ ಫೋನ್ ಕೂಡ ಮಾಡಿಲ್ಲ. "ಅವನ ಹೆಸರು ಬಿಟ್ಟು ವಂಶವೃಕ್ಷ ಮಾಡಿಸಿದರೆ ಆಗ್ತದಾ ಮೇಡಂ?"

ಆಗುವುದಿಲ್ಲ. ಸುಳ್ಳು ವಂಶವೃಕ್ಷದ ಮೇಲೆ ಮಾಡಿದ ಪಾಲುಪಟ್ಟಿ, ಅದರ ಮೇಲೆ ಆದ ಮಾರಾಟ, ಎಲ್ಲವೂ ಮುಂದೆ ಅಲುಗಾಡುತ್ತದೆ. ಅಣ್ಣ ಅಮೆರಿಕದ ಪೌರನಾಗಿದ್ದರೂ ಅವನ ಪಾಲು ಹೋಗುವುದಿಲ್ಲ. ಒಸಿಐ ಕಾರ್ಡ್ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಕಾರ್ಡ್) ಇದ್ದವರು ಇಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲ, ನಿಜ. ಆದರೆ ಅದು ವಾರಸಾಗಿ ಬರುವುದಕ್ಕೆ ಅಡ್ಡಿ ಇಲ್ಲ. ಮನೆ ಬಿಟ್ಟು ಹೋದವಳು ಅಕ್ಕನೋ ತಂಗಿಯೋ ಆಗಿದ್ದರೂ ಅಷ್ಟೇ.

ಇನ್ನು ಕೆಲವರು ಏಳು ವರ್ಷದ ಲೆಕ್ಕ ಹಿಡಿದುಕೊಂಡು ಬರುತ್ತಾರೆ. ಏಳು ವರ್ಷ ಸುದ್ದಿ ಇಲ್ಲದಿದ್ದರೆ ಸತ್ತ ಹಾಗೆ ಅಲ್ವಾ ಅಂತ. ಹಿಂದೆ ಸಾಕ್ಷ್ಯ ಕಾಯ್ದೆಯ 108ನೇ ಕಲಂನಲ್ಲಿದ್ದ ಈ ನಿಯಮ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಂನಲ್ಲಿದೆ. ಬದುಕಿದ್ದರೆ ಯಾರಿಗೆ ಸಹಜವಾಗಿ ಸುದ್ದಿ ಬರಬೇಕಿತ್ತೋ ಅವರಿಗೆ ಏಳು ವರ್ಷ ಸುದ್ದಿ ಬಂದಿರಬಾರದು, ಅದು ಷರತ್ತು. ನಿಮ್ಮ ಜೊತೆ ಬೇಕೆಂದೇ ಮಾತು ಬಿಟ್ಟವನ ಸುದ್ದಿ ನಿಮಗೆ ಬರದಿರುವುದೇ ಸಹಜ! ಅವನು ಹೆಂಡತಿಯ ಮನೆಯವರ ಹತ್ತಿರವೋ ಹಳೇ ಗೆಳೆಯನ ಹತ್ತಿರವೋ ಮಾತಾಡುತ್ತಿದ್ದರೆ ಈ ವಾದ ಅಲ್ಲೇ ಬಿದ್ದುಹೋಗುತ್ತದೆ. ಬದುಕಿರುವ ಅಣ್ಣನನ್ನು ಕಾಗದದಲ್ಲಿ ಸಾಯಿಸಿದ ಮೇಲೆ ಆ ಸಂಬಂಧ ಮತ್ತೆ ಕೂಡುವುದು ತುಂಬಾ ಕಷ್ಟ.

ಹಾಗಾಗಿ ಹುಡುಕಬೇಕು. ಹುಡುಕಾಟ ಇಂಟರ್ನೆಟ್‌ನಿಂದಲ್ಲ, ಮನೆಯ ಕಪಾಟಿನಿಂದ ಶುರುವಾಗಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಹಳೇ ಪಾಸ್‌ಪೋರ್ಟ್ ಅಥವಾ ವೀಸಾದ ಜೆರಾಕ್ಸ್, ಹಣ ಕಳಿಸಿದ ಚೀಟಿ, ಅಂಚೆ ಮುದ್ರೆ ಇರುವ ಲಕೋಟೆ, ಎಲ್ಲ ಬೇಕು. ಎಲ್ಲಕ್ಕಿಂತ ಮುಖ್ಯ, ಪಾಸ್‌ಪೋರ್ಟ್‌ನಲ್ಲಿ ಹೆಸರು ಹೇಗಿದೆ ಎನ್ನುವುದು. ನಮ್ಮಲ್ಲಿ ಇನಿಷಿಯಲ್ ಇಟ್ಟುಕೊಂಡವರು ಅಲ್ಲಿ ಊರಿನ ಹೆಸರನ್ನೋ ಅಪ್ಪನ ಹೆಸರನ್ನೋ ಸರ್‌ನೇಮ್ ಮಾಡಿಕೊಂಡಿರುತ್ತಾರೆ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ ಬರೀ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ) ಅಂತ ಬರುತ್ತದೆ. ಮನೆಯವರು ಕರೆಯುವ ಹೆಸರಿನಲ್ಲಿ ವರ್ಷಗಟ್ಟಲೆ ಹುಡುಕಿದರೂ ಇಂಥವರು ಸಿಗುವುದಿಲ್ಲ.

ಕ್ರೈಸ್ತ ಕುಟುಂಬಗಳಿಗೆ ಇನ್ನೊಂದು ದಾರಿ ಇದೆ. ಜಾಸ್ತಿ ಜನರಿಗೆ ಇದು ಹೊಳೆಯುವುದೇ ಇಲ್ಲ. ಕ್ಯಾಥೋಲಿಕರು ಪ್ರಪಂಚದ ಯಾವ ಚರ್ಚಿನಲ್ಲಿ ಮದುವೆಯಾದರೂ, ಆ ವಿಷಯವನ್ನು ದೀಕ್ಷಾಸ್ನಾನ ಪಡೆದ ಚರ್ಚಿಗೆ ತಿಳಿಸಿ ಅಲ್ಲಿನ ರಿಜಿಸ್ಟರಿನಲ್ಲಿ ಬರೆಸಬೇಕು ಎನ್ನುವುದು ಧರ್ಮಸಭೆಯ ನಿಯಮ. ಊರಿನ ಚರ್ಚಿನ ಹಳೇ ರಿಜಿಸ್ಟರಿನಲ್ಲಿ ಕೆನಡಾದ ಯಾವುದೋ ಚರ್ಚಿನ ಹೆಸರು ಸಿಕ್ಕರೂ ಸಿಗಬಹುದು. ಓದಿದ ಕಾಲೇಜಿನ ಹಳೇ ವಿದ್ಯಾರ್ಥಿ ಸಂಘವನ್ನೂ ಬಿಡಬೇಡಿ. ಸುರತ್ಕಲ್‌ನಲ್ಲಿ ಓದಿದವರು, ಮಣಿಪಾಲದಲ್ಲಿ ಓದಿದವರು ಮನೆಯವರನ್ನು ಬಿಟ್ಟರೂ ಕ್ಲಾಸ್‌ಮೇಟ್‌ಗಳನ್ನು ಪೂರ್ತಿ ಬಿಟ್ಟಿರುವುದಿಲ್ಲ. ಹೊರದೇಶದ ಕನ್ನಡ ಕೂಟಗಳಿಗೂ ಒಂದು ಮಾತು ಬರೆಯಬಹುದು.

ಆಮೇಲಿನ ದಾರಿ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಎಷ್ಟೋ ಕೌಂಟಿಗಳಲ್ಲಿ ಮನೆಯ ತೆರಿಗೆ ದಾಖಲೆಯನ್ನು ಮಾಲೀಕರ ಹೆಸರಿನ ಮೇಲೆ ಯಾರು ಬೇಕಾದರೂ ನೋಡಬಹುದು. ಬ್ರಿಟನ್ನಿನಲ್ಲಿ ಭಾರತದ ಪೌರರಿಗೂ ಕಾಮನ್‌ವೆಲ್ತ್ ನೆಲೆಯಲ್ಲಿ ಮತದಾನದ ಹಕ್ಕಿದೆ. ಹಾಗಾಗಿ ಅಲ್ಲಿನ ಪೌರತ್ವ ಪಡೆಯದವರ ಹೆಸರೂ ಮತದಾರರ ಪಟ್ಟಿಯಲ್ಲಿರಬಹುದು. ಆದರೆ ಹೊರಗಿನವರಿಗೆ ಸಿಗುವ ಪಟ್ಟಿಯಿಂದ ಹೆಸರು ತೆಗೆಸಿಕೊಳ್ಳಲು ಅವರಿಗೆ ಅವಕಾಶ ಇದೆ.

ಗಲ್ಫ್‌ನಲ್ಲಿ ಇಂಥ ತೆರೆದ ದಾಖಲೆಗಳನ್ನು ನಂಬಿ ಕೂರಬೇಡಿ. ಅಲ್ಲಿ ಕಂಪನಿಯ ಹೆಸರು, ಒಂದೇ ರೂಮಿನಲ್ಲಿದ್ದವರು, ಹಳೇ ವೀಸಾದ ಕಾಪಿ ಇವೇ ಆಧಾರ. ವಿದೇಶಾಂಗ ಸಚಿವಾಲಯ 2015ರಲ್ಲಿ ಶುರುಮಾಡಿದ 'ಮದದ್' ಪೋರ್ಟಲ್‌ನಲ್ಲಿ ದೂರು ಹಾಕಿದರೆ ಅದು ಅಲ್ಲಿನ ರಾಯಭಾರ ಕಚೇರಿಗೆ ಹೋಗುತ್ತದೆ. ಪಾಸ್‌ಪೋರ್ಟ್ ನಂಬರ್ ಇದ್ದರೆ ಕೆಲಸ ಸಲೀಸು. ಅವನು ಬೇರೆ ದೇಶದ ಪೌರನಾಗಿಬಿಟ್ಟಿದ್ದರೆ ನಮ್ಮ ರಾಯಭಾರ ಕಚೇರಿಯ ಕೈ ಅಷ್ಟು ಉದ್ದ ಇಲ್ಲ. ಯುದ್ಧ, ವಿಕೋಪ, ವಲಸೆಯಲ್ಲಿ ಬೇರೆಯಾದವರಿಗೆ ರೆಡ್ ಕ್ರಾಸ್‌ನ ಕುಟುಂಬ ಸಂಪರ್ಕ ಸೇವೆ ಇದೆ. ಅದು ಆಸ್ತಿ ಪಾಲಿಗಾಗಿ ಇರುವುದಲ್ಲ, ದಯವಿಟ್ಟು ಅದನ್ನು ಹಾಗೆ ಬಳಸಬೇಡಿ. ಇಮಿಗ್ರೇಷನ್ ದಾಖಲೆ ತೆಗೆಸಿ ಕೊಡ್ತೇವೆ ಅಂತ ಮುಂಗಡ ಕೇಳುವ ಏಜೆಂಟರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಅಂಥ ದಾಖಲೆಯನ್ನು ಕದ್ದು ತೆಗೆಸುವುದು ಅಪರಾಧ.

ರೆಡ್ ಕ್ರಾಸ್ ಇರಲಿ, ಬ್ರಿಟನ್ನಿನಲ್ಲಿ 1885ರಿಂದ ಮನೆಯವರಿಂದ ದೂರವಾದವರನ್ನು ಹುಡುಕುವ ಕೆಲಸ ಮಾಡುತ್ತಿರುವ ಕ್ರೈಸ್ತ ಸೇವಾ ಸಂಸ್ಥೆ ಸಾಲ್ವೇಶನ್ ಆರ್ಮಿ ಇರಲಿ, ಒಂದು ಕಟ್ಟುನಿಟ್ಟು ಪಾಲಿಸುತ್ತವೆ. ಸಿಕ್ಕಿದ ವ್ಯಕ್ತಿ ಒಪ್ಪದೆ ಅವರ ವಿಳಾಸವನ್ನು ಹುಡುಕುವವರಿಗೆ ಕೊಡುವುದಿಲ್ಲ. ನಮಗೂ ಇದೇ ನಿಯಮ ಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬಿಟ್ಟು ಹೋದವರಿಗೆ ಅವರದ್ದೇ ಕಾರಣ ಇರುತ್ತದೆ. ಜಾತಿ ಮೀರಿ ಮದುವೆಯಾದ ತಂಗಿಯನ್ನು, ಹೊಡೆತ ತಾಳಲಾರದೆ ಹೋದ ಮಗಳನ್ನು ಹುಡುಕಿ ಕೊಡಿ ಅಂತ ಬಂದಾಗ ನಾನು ವಿಳಾಸ ಕೊಡುವುದಿಲ್ಲ. ಬಂದವರ ಪತ್ರವನ್ನು ಆಕೆಗೆ ತಲುಪಿಸುತ್ತೇನೆ. ಉತ್ತರ ಬರೆಯುವುದು ಬಿಡುವುದು ಆಕೆಯ ಇಷ್ಟ. ಫೇಸ್‌ಬುಕ್‌ನಲ್ಲಿ ಫೋಟೋ ಹಾಕಿ 'ಕಾಣೆಯಾಗಿದ್ದಾರೆ' ಅಂತ ಹಂಚುವುದೂ ಬೇಡ. ಅವರು ಕಾಣೆಯಾಗಿಲ್ಲ, ದೂರ ಹೋಗಿದ್ದಾರೆ.

ಮೊದಲ ಪತ್ರದ ಬಗ್ಗೆ ನಾನು ತುಂಬಾ ಹಟ ಹಿಡಿಯುತ್ತೇನೆ. ಜಗಳ ಮಾಡಿದವರು ಬರೆಯಬಾರದು. ಅಮ್ಮ, ದೊಡ್ಡಮ್ಮ, ಚಿಕ್ಕ ತಂಗಿ, ಯಾರ ಮೇಲೆ ಅವನಿಗೆ ಸಿಟ್ಟಿಲ್ಲವೋ ಅವರು ಬರೆಯಲಿ. ಕೈಬರಹದಲ್ಲಿದ್ದರೆ ಒಳ್ಳೆಯದು. ಮನೆಯಲ್ಲಿ ಯಾರು ತೀರಿಕೊಂಡರು, ಯಾರಿಗೆ ಮಕ್ಕಳಾದವು, ಅಷ್ಟು ಸಾಕು. ಹಳೇ ತಪ್ಪುಗಳ ಲೆಕ್ಕ ಬೇಡ. ಆಸ್ತಿ ವಿಷಯ ಇದ್ದರೆ ಮುಚ್ಚಿಡಬೇಡಿ, "ಜಾಗದ ಬಗ್ಗೆ ವಕೀಲರು ಬೇರೆ ಬರೆಯುತ್ತಾರೆ, ಈ ಕಾಗದಕ್ಕೂ ಅದಕ್ಕೂ ಸಂಬಂಧ ಇಲ್ಲ" ಎಂದು ಒಂದು ಸಾಲು ಹಾಕಿ. ಆಮೇಲೆ ತಿಂಗಳುಗಟ್ಟಲೆ ಕಾಯಬೇಕಾದೀತು, ಕಾಯಿರಿ.

"ನನಗೇನೂ ಬೇಡ, ನೀವೇ ಇಟ್ಟುಕೊಳ್ಳಿ" ಎಂದು ವಾಟ್ಸಾಪ್‌ನಲ್ಲಿ ಉತ್ತರ ಬಂದರೆ ಅಲ್ಲಿಗೆ ಮುಗಿಯುವುದಿಲ್ಲ. ಸ್ಥಿರಾಸ್ತಿಯ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು. ಅವನು ಬರಲಾಗದಿದ್ದರೆ ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿದ ಜಿಪಿಎ (ತನ್ನ ಪರವಾಗಿ ಸಹಿ ಹಾಕಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ) ಕಳಿಸಬಹುದು. ಅದು ಇಲ್ಲಿ ಕೈಸೇರಿದ ಮೂರು ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಬೇಕು. ಈ ಗಡುವನ್ನು ಮರೆತು ಒದ್ದಾಡುವವರು ಬಹಳ.

ಉತ್ತರವೇ ಬರದಿದ್ದರೆ ಪಾಲಿನ ದಾವೆ ಹಾಕುವುದೇ ಸರಿ, ಅವನನ್ನೂ ಪ್ರತಿವಾದಿ ಮಾಡಿ. ವಿಳಾಸ ಗೊತ್ತಿದ್ದರೆ, ಆ ದೇಶ ಕೋರ್ಟಿನ ಕಾಗದಗಳನ್ನು ದೇಶದಿಂದ ದೇಶಕ್ಕೆ ತಲುಪಿಸುವ ಹೇಗ್ ಒಪ್ಪಂದದಲ್ಲಿದ್ದರೆ, ಅದರ ಮೂಲಕ ಸಮನ್ಸ್ ಕಳಿಸಬಹುದು. ಭಾರತದ ಮಟ್ಟಿಗೆ ಅದು 2007ರಿಂದ ಜಾರಿಯಲ್ಲಿದೆ. ವಿಳಾಸವೇ ಇಲ್ಲದಿದ್ದರೆ ಆ ಒಪ್ಪಂದ ಅನ್ವಯಿಸುವುದಿಲ್ಲ. ಆಗ ಪತ್ರಿಕಾ ಪ್ರಕಟಣೆಗೆ ಕೋರ್ಟಿನ ಅನುಮತಿ ಕೇಳಬೇಕು. ನ್ಯಾಯಾಧೀಶರು ಮೊದಲು ಕೇಳುವುದು, ಹುಡುಕಲು ಏನು ಮಾಡಿದಿರಿ ಅಂತ. ಅಂಚೆ ರಸೀದಿ, ವಾಪಸ್ ಬಂದ ಲಕೋಟೆ, ಮದದ್ ದೂರಿನ ನಂಬರ್, ಎಲ್ಲವನ್ನೂ ಒಂದು ಫೈಲಿನಲ್ಲಿ ಇಟ್ಟುಕೊಂಡು ಬನ್ನಿ. ತೀರ್ಪಿನಲ್ಲಿ ಅವನ ಪಾಲು ಅವನ ಹೆಸರಿಗೇ ಬರುತ್ತದೆ. ಉಳಿದವರು ತಮ್ಮ ತಮ್ಮ ಪಾಲಿನಲ್ಲಿ ಮನೆ ಕಟ್ಟಬಹುದು, ಸಾಲ ತೆಗೆಯಬಹುದು, ಮಾರಲೂಬಹುದು.