ಹೈಬ್ರಿಡ್ ಮುಸುಕಿನ ಜೋಳ ಅಂದ್ರೆ ಕುಲಾಂತರಿನಾ?

ಪ್ರಶ್ನೆ: ನಾವು ಅರಕಲಗೂಡು ಕಡೆಯವರು. ಆಲೂಗೆಡ್ಡೆ ಕೈಕೊಟ್ಟ ಮೇಲೆ ವರ್ಷಾ ವರ್ಷ ಹೈಬ್ರಿಡ್ ಮುಸುಕಿನ ಜೋಳ ಹಾಕುತ್ತಿದ್ದೇವೆ. ಅದು ಕುಲಾಂತರಿ ಬೀಜ ಅಂತ ಊರಲ್ಲಿ ಕೆಲವರು ಹೇಳ್ತಾರೆ. ನಿಜಾನಾ? ಪೇಪರಲ್ಲಿ ಬರುವ ‘ಜೀನ್ ತಿದ್ದುವುದು’ ಅಂದ್ರೂ ಅದೇನಾ?

ಉತ್ತರ: ಅಲ್ಲ. ಮೂರೂ ಬೇರೆ ಬೇರೆ. ಕುಲಾಂತರಿ ಮುಸುಕಿನ ಜೋಳವನ್ನು ರೈತರು ಬೆಳೆಯಲು ಭಾರತದಲ್ಲಿ ಒಪ್ಪಿಗೆಯೇ ಸಿಕ್ಕಿಲ್ಲ. ನಮ್ಮ ರೈತರ ಹೊಲಕ್ಕೆ ಒಪ್ಪಿಗೆ ಪಡೆದು ಬಂದ ಕುಲಾಂತರಿ ಬೆಳೆ ಬಿಟಿ ಹತ್ತಿ, ಅದೂ 2002ರಲ್ಲಿ.

ಹೈಬ್ರಿಡ್ ಅಂದ್ರೆ ಎರಡು ಶುದ್ಧ ತಳಿಗಳ ಮಿಶ್ರಣ, ಅಷ್ಟೇ. ಒಂದು ತಳಿಯ ಗಿಡಗಳ ತುದಿಯ ಗಂಡು ಹೂ ಕಿತ್ತುಹಾಕಿ, ಪಕ್ಕದ ಸಾಲಿನ ಇನ್ನೊಂದು ತಳಿಯ ಪರಾಗ ಬೀಳುವಂತೆ ಮಾಡುತ್ತಾರೆ. ಕಟ್ಟಿದ ಕಾಳೇ ನಿಮ್ಮ ಬೀಜ. ಅದರ ಬೆಳೆಯಿಂದ ಕಾಳು ಎತ್ತಿಟ್ಟು ಮತ್ತೆ ಬಿತ್ತಿದರೆ ಗಿಡ ಒಂದೇ ಸಮ ಬರುವುದಿಲ್ಲ, ಇಳುವರಿಯೂ ಕುಸಿಯುತ್ತದೆ. ಪ್ರತಿ ವರ್ಷ ಅಂಗಡಿಗೆ ಹೋಗಬೇಕಾಗಿರುವುದು ಇದಕ್ಕೇ. ಅನುಮಾನ ಹುಟ್ಟಿದ್ದೂ ಇಲ್ಲಿಂದಲೇ ಇರಬೇಕು.

ಕುಲಾಂತರಿಯಲ್ಲಿ ಬೇರೆ ಜೀವಿಯ ಜೀನ್, ಅಂದ್ರೆ ಗುಣ ಹೊತ್ತ ಡಿಎನ್‌ಎ ತುಣುಕು, ತಂದು ಸೇರಿಸುತ್ತಾರೆ. ಜೋಳದಲ್ಲಿ ಇದು ಸುಲಭದ ಕೆಲಸವಲ್ಲ. ಪರಾಗ ಬಿದ್ದು ಹತ್ತು ಹನ್ನೆರಡು ದಿನಕ್ಕೆ ತೆನೆ ಮುರಿದು, ಹಾಲುಗಾಳಿನ ಒಳಗಿನ ಎಳೆ ಮೊಳಕೆಭಾಗವನ್ನು ಚೂಪು ಚಿಮಟದಿಂದ ಎತ್ತುತ್ತಾರೆ. ಅದರ ಉದ್ದ ಒಂದೂವರೆ, ಎರಡು ಮಿಲಿಮೀಟರ್. ಅದನ್ನು ಆಗ್ರೋಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಜೊತೆ ಇಡುತ್ತಾರೆ. ಗಿಡದ ಜೀವಕೋಶಕ್ಕೆ ತನ್ನ ಜೀನ್ ತೂರಿಸುವುದು ಇದರ ಹುಟ್ಟುಗುಣ. ವಿಜ್ಞಾನಿಗಳು ಅದರ ರೋಗದ ಜೀನ್ ತೆಗೆದು, ತಮಗೆ ಬೇಕಾದ್ದನ್ನು ಅಲ್ಲಿಟ್ಟು ಕಳಿಸುತ್ತಾರೆ. ಇಲ್ಲವೇ ಚಿನ್ನದ ಪುಡಿಗೆ ಜೀನ್ ಅಂಟಿಸಿ ಗನ್ನಿನಿಂದ ಹೊಡೆಯುತ್ತಾರೆ. 1990ರಲ್ಲಿ ಕಾಳು ಕಟ್ಟುವ ಕುಲಾಂತರಿ ಜೋಳ ಮೊದಲು ಬಂದದ್ದು ಈ ಗನ್ನಿನಿಂದಲೇ.

ನಿಜವಾದ ಒದ್ದಾಟ ಇದಾದ ಮೇಲೆ. ಜೀನ್ ಹೊಕ್ಕ ಆ ಒಂದೊಂದು ಕೋಶದಿಂದ ಪೂರ್ತಿ ಗಿಡ ಎಬ್ಬಿಸಬೇಕು. ಪ್ರಯೋಗಾಲಯಕ್ಕೆ ಒಗ್ಗುವ ತಳಿಗಳು ಬೆರಳೆಣಿಕೆಯಷ್ಟು. ಹೊಲದಲ್ಲಿ ಚೆನ್ನಾಗಿ ಬರುವ ತಳಿಗಳು ಅಲ್ಲಿ ಸುಮ್ನೆ ಕಪ್ಪಾಗಿ ಸಾಯುತ್ತವೆ. 2016ರಲ್ಲಿ ಬೇಬಿ ಬೂಮ್, ವುಶೆಲ್ ಎಂಬ ಎರಡು ಜೀನ್‌ಗಳ ಸಹಾಯದಿಂದ ಇನ್ನೂ ಹಲವು ತಳಿಗಳಲ್ಲಿ ಗಿಡ ಎಬ್ಬಿಸಬಹುದು ಎಂದು ತೋರಿಸಿದರು. ನನ್ನ ಕಣ್ಣಿಗೆ ಇದು ಜೀನ್ ತಿದ್ದುವ ಕ್ರಿಸ್ಪರ್‌ ತಂತ್ರದಷ್ಟೇ ದೊಡ್ಡ ಹೆಜ್ಜೆ. ಪೇಪರಲ್ಲಿ ಮಾತ್ರ ಅಷ್ಟು ಸದ್ದಾಗಲಿಲ್ಲ.

ಇನ್ನು ಜೀನ್ ತಿದ್ದುವುದು. ಕ್ರಿಸ್ಪರ್ ಎಂಬ ಕತ್ತರಿ ಜೋಳದ ಸ್ವಂತ ಡಿಎನ್‌ಎಯಲ್ಲಿ ಹೇಳಿದ ಜಾಗಕ್ಕೇ ಹೋಗಿ ಕತ್ತರಿಸುತ್ತದೆ. ಕೋಶ ಅದನ್ನು ಬೆಸೆಯುವಾಗ ಒಂದೆರಡು ಅಕ್ಷರ ಏರುಪೇರಾಗಿ ಆ ಜೀನ್ ಕೆಲಸ ನಿಲ್ಲಿಸುತ್ತದೆ. ತಮಾಷೆ ಏನಂದ್ರೆ, ಈ ಕತ್ತರಿಯನ್ನು ಒಳಗೆ ಕಳಿಸಲು ಸಾಮಾನ್ಯವಾಗಿ ಮೇಲೆ ಹೇಳಿದ ಕುಲಾಂತರಿ ದಾರಿಯೇ ಬೇಕು. ಆದರೆ ಕೆಲಸ ಮುಗಿದ ಮೇಲೆ ಅದನ್ನು ಹೊರಹಾಕಬಹುದು. ಕತ್ತರಿ ಒಂದೇ ಕಡೆ ಕೂತಿದ್ದರೆ, ಆ ಗಿಡದ ಪರಾಗವನ್ನು ಅದರ ತೆನೆಗೇ ಕೊಟ್ಟಾಗ ನಾಲ್ಕರಲ್ಲಿ ಒಂದರಷ್ಟು ಮರಿಗಳಲ್ಲಿ ಅದು ಇರುವುದಿಲ್ಲ. ಅವುಗಳಲ್ಲಿ ತಿದ್ದುಪಡಿ ಉಳಿದವನ್ನು ಆರಿಸಿಕೊಳ್ಳುತ್ತಾರೆ. ಹೀಗೆ ಹೊರಗಿನ ಜೀನ್ ಉಳಿಯದ ತಳಿಗಳಿಗೆ ಕೇಂದ್ರ ಸರ್ಕಾರ 2022ರಲ್ಲಿ ಕುಲಾಂತರಿ ನಿಯಮಗಳಿಂದ ವಿನಾಯಿತಿ ಕೊಟ್ಟಿತು. 2025ರ ಮೇನಲ್ಲಿ ಇಂಥ ಎರಡು ಭತ್ತದ ತಳಿಗಳನ್ನು ಪ್ರಕಟಿಸಿದರು. ಜೋಳ ಆ ಪಟ್ಟಿಯಲ್ಲಿರಲಿಲ್ಲ.

ಹಾಗಾದ್ರೆ ಸೈನಿಕ ಹುಳು ತಡೆಯುವಂತೆ ತಿದ್ದಿದ ಜೋಳ ಯಾಕಿಲ್ಲ ಅಂತ ನೀವು ಕೇಳಬಹುದು. 2018ರಲ್ಲಿ ಕರ್ನಾಟಕಕ್ಕೆ ಬಂದ ಆ ಹುಳು ಸುಳಿಯೊಳಗೆ ಕೂತು, ಗರಗಸದ ಪುಡಿಯಂಥ ಹಿಕ್ಕೆ ಹಾಕುವುದು ನಿಮಗೆ ಗೊತ್ತೇ ಇದೆ. ಇರುವ ಜೀನ್ ನಿಲ್ಲಿಸುವುದು ಸಣ್ಣ ತಿದ್ದುಪಡಿಯಿಂದ ಆಗುತ್ತದೆ, ಇಲ್ಲದ ಜೀನ್ ಹುಟ್ಟಿಸುವುದು ಆಗಲ್ಲ. ಹುಳು ಕೊಲ್ಲುವ ಬಿಟಿ ಪ್ರೋಟೀನ್‌ನ ಜೀನ್ ಇರುವುದು ಬ್ಯಾಕ್ಟೀರಿಯಾದಲ್ಲಿ, ಜೋಳದಲ್ಲಲ್ಲ. ಅದು ಬೇಕು ಅಂದ್ರೆ ಕುಲಾಂತರಿಯೇ ಗತಿ. ಅಮೆರಿಕದಲ್ಲಿ ಬಿಟಿ ಜೋಳ 1996ರಿಂದಲೂ ಇದೆ. ಆದರೆ ಬಿಟಿ ಜೋಳ ಬಂದ ಕಡೆಯೂ ಹುಳು ಸುಮ್ಮನೆ ಕೂತಿಲ್ಲ. ಪೋರ್ಟೊರಿಕೊ, ಬ್ರೆಜಿಲ್‌ಗಳಲ್ಲಿ ಇದೇ ಸೈನಿಕ ಹುಳು ಒಂದು ಬಿಟಿ ಪ್ರೋಟೀನನ್ನು ಕೆಲವೇ ವರ್ಷಗಳಲ್ಲಿ ಅರಗಿಸಿಕೊಂಡಿತು.