ಮನಸ್ಸಿನ ಮದ್ದು ಒಮ್ಮೆ ಶುರುವಾದರೆ ಬಿಡಲಿಕ್ಕಾಗುವುದಿಲ್ಲವಾ?

ಕಾಸರಗೋಡಿನ ಪೆರ್ಲದ ಓದುಗರೊಬ್ಬರ ಪ್ರಶ್ನೆ: ‘ತಮ್ಮ ಒಂದು ತಿಂಗಳಿಂದ ಯಾರ ಹತ್ತಿರವೂ ಸರಿಯಾಗಿ ಮಾತಾಡುವುದಿಲ್ಲ. ತೋಟಕ್ಕೆ ಇಳಿಯುವುದಿಲ್ಲ, ಊಟ ಅರ್ಧಕ್ಕೆ ಬಿಡುತ್ತಾನೆ. ಕೌನ್ಸೆಲಿಂಗ್ ಸಾಕಾ, ಡಾಕ್ಟರಿಗೆ ತೋರಿಸಬೇಕಾ? ಮಾತ್ರೆ ಶುರು ಮಾಡಿದರೆ ಮತ್ತೆ ಬಿಡಲಿಕ್ಕಾಗುವುದಿಲ್ಲವಂತೆ, ಹೌದಾ?’

ಮೊದಲು ಡಾಕ್ಟರಿಗೆ ತೋರಿಸಿ. ಬೇಜಾರು ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಎರಡು ವಾರ ಕಳೆದರೂ ದಿನದ ಹೆಚ್ಚಿನ ಹೊತ್ತು ಅದೇ ಸ್ಥಿತಿ, ನಿದ್ದೆ, ಊಟ, ಕೆಲಸ ಎಲ್ಲ ಕೆಟ್ಟಿದೆ ಅಂದರೆ ಕಾಯಬಾರದು. ನಿಮ್ಮಲ್ಲಿ ಆಗಲೇ ತಿಂಗಳಾಗಿದೆ. ಥೈರಾಯ್ಡ್ ತೊಂದರೆಯಿಂದಲೂ ಹೀಗೆ ಮಂಕು ಬರಬಹುದು, ಅದನ್ನೂ ನೋಡುತ್ತಾರೆ. ಸಾಯುವ ಮಾತಾಡಿದರೆ, ಯಾರದೋ ದನಿ ಕೇಳುತ್ತದೆ ಎಂದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಒಬ್ಬನೇ ಇರಲು ಬಿಡಬೇಡಿ.

ಮನೋವೈದ್ಯರು ಮದ್ದು ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಕೊಡುತ್ತಾರೆ. ಅದು ಬುದ್ಧಿವಾದ ಅಲ್ಲ. ಸಿಬಿಟಿ ಎನ್ನುವ ಕ್ರಮದಲ್ಲಿ ಸಾಮಾನ್ಯವಾಗಿ ವಾರಕ್ಕೊಮ್ಮೆ ಕೂತು, ಯಾವ ಯೋಚನೆ ಬಂದಾಗ ಮನಸ್ಸು ಕುಸಿಯುತ್ತದೆ ಎಂದು ಹುಡುಕುತ್ತಾರೆ, ಮನೆಯಲ್ಲಿ ಮಾಡಲು ಸಣ್ಣ ಕೆಲಸ ಕೊಡುತ್ತಾರೆ. ತೊಂದರೆ ಸಣ್ಣದಿದ್ದರೆ ಇಷ್ಟೇ ಸಾಕಾಗಬಹುದು. ಜಾಸ್ತಿ ಇದ್ದರೆ ಎರಡೂ ಬೇಕಾಗುತ್ತದೆ.

ಇನ್ನು ಆ ಮಾತ್ರೆಯ ವಿಷಯ. ಎಷ್ಟು ಸಲ ಹೇಳಿದ್ದೇನೋ, ಇನ್ನೊಮ್ಮೆ ಹೇಳುತ್ತೇನೆ. ನಿಮ್ಮ ಹೆದರಿಕೆ ಹುಟ್ಟಿದ್ದು ಬೇರೆ ಮಾತ್ರೆಯಿಂದ. ಆಲ್ಪ್ರಜೋಲಾಂನಂಥ ನಿದ್ದೆಯ, ಆತಂಕದ ಮಾತ್ರೆಗಳನ್ನು ಬಹಳ ದಿನ ತಿಂದರೆ ಅಭ್ಯಾಸವಾಗುವುದು ನಿಜ. ಅದಕ್ಕೇ ಅವನ್ನು ಸ್ವಲ್ಪ ದಿನಕ್ಕೆ ಮಾತ್ರ ಕೊಡುತ್ತಾರೆ. ಖಿನ್ನತೆಯ ಮಾತ್ರೆಗಳು ಬೇರೆಯೇ ಜಾತಿ. ಅವು ಬೇಕೇ ಬೇಕು ಎಂಬ ಚಟ ಹತ್ತಿಸುವುದಿಲ್ಲ.

ಮುಳ್ಳೇರಿಯ ಕಡೆಯ ಅಕ್ಕ ಒಬ್ಬರು ಹತ್ತು ಮಾತ್ರೆಯ ಶೀಟು ತಂದು ತೋರಿಸಿದರು. ನಾಲ್ಕು ಖಾಲಿ, ಆರು ಹಾಗೇ ಇತ್ತು. ಕಾಫಿಪುಡಿ ಡಬ್ಬಿಯ ಹಿಂದೆ ಅಡಗಿಸಿಟ್ಟಿದ್ದರಂತೆ. ‘ನಾಲ್ಕು ದಿನ ತಿಂದೆ, ಗುಣ ಕಾಣಲಿಲ್ಲ, ಹೊಟ್ಟೆ ತೊಳಸಿತು’ ಎಂದರು. ಗುಣ ಕಾಣಲಿಕ್ಕೆ ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಹೊಟ್ಟೆ ತೊಳಸುವುದು ಹೆಚ್ಚಿನವರಿಗೆ ಮೊದಲ ವಾರ ಎರಡು ವಾರ ಮಾತ್ರ. ಆ ಅಕ್ಕ ಡಾಕ್ಟರ ಹತ್ತಿರ ಮಾತಾಡಿ ಮತ್ತೆ ಶುರು ಮಾಡಿದರು. ಈಗ ಬೆಳಿಗ್ಗೆ ತಾವೇ ಎದ್ದು ಹಾಲು ಕರೆಯುತ್ತಾರೆ.

ಇನ್ನು ಕೆಲವರು ಗುಣವಾದ ಕೂಡಲೇ ತಟ್ಟನೆ ನಿಲ್ಲಿಸುತ್ತಾರೆ. ತಲೆ ತಿರುಗುತ್ತದೆ, ಸಿಟ್ಟು ಬರುತ್ತದೆ. ‘ನೋಡಿ, ಚಟ ಹಿಡಿದಿದೆ’ ಎನ್ನುತ್ತಾರೆ. ಚಟವಲ್ಲ ಅದು, ಸಟಕ್ಕನೆ ಬಿಟ್ಟದ್ದರ ಫಲ. ಸಾಮಾನ್ಯವಾಗಿ ಗುಣವಾದ ಮೇಲೂ ಕಡಿಮೆಯೆಂದರೆ ಆರು ತಿಂಗಳು ಮುಂದುವರಿಸಿ, ಆಮೇಲೆ ಡಾಕ್ಟರೇ ಸ್ವಲ್ಪ ಸ್ವಲ್ಪ ಇಳಿಸಿ ನಿಲ್ಲಿಸುತ್ತಾರೆ. ಬೈಪೋಲಾರ್ (ಮನಸ್ಸು ಅತಿಯಾಗಿ ಏರಿ ಇಳಿಯುವ ಕಾಯಿಲೆ), ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳುವಂಥ ಕಾಯಿಲೆ) ಇದ್ದವರಿಗೆ ವರ್ಷಗಟ್ಟಲೆ ಬೇಕಾಗಬಹುದು. ಅಪ್ಪ ದಿನಾ ಬಿಪಿ ಮಾತ್ರೆ ತಿಂದರೆ ನಾವು ಚಟ ಅನ್ನುವುದಿಲ್ಲ, ಅಲ್ವಾ?

ನೀವು ಕೇಳದ ಒಂದು ವಿಷಯ ಭಾಷೆಯದ್ದು. ನಮ್ಮಲ್ಲಿ ಮನೆಯೊಳಗೆ ತುಳುವೋ ಹವ್ಯಕವೋ, ಶಾಲೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಮಲಯಾಳ. ಒಬ್ಬರು ಚಿಂತೆ ಎನ್ನಲು ‘ಮಂಡೆಬಿಸಿ’ ಎಂದದ್ದಕ್ಕೆ ಡಾಕ್ಟರು ಜ್ವರ ನೋಡಿದರಂತೆ. ಮೈಯ ನೋವಾದರೆ ಬೆರಳಿಟ್ಟು ತೋರಿಸಬಹುದು, ಮನಸ್ಸಿನದ್ದನ್ನು ಮಾತಲ್ಲೇ ಹೇಳಬೇಕು. ಹಾಗಾಗಿ ಕನ್ನಡ ಬರುವ ಡಾಕ್ಟರು ಇದ್ದಾರಾ ಎಂದು ಮೊದಲೇ ಕೇಳಿ, ಅದರಲ್ಲಿ ನಾಚಿಕೆಯಿಲ್ಲ. ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗುವವರೂ ಬಹಳ ಜನ ಇದ್ದಾರೆ. 2022ರ ಅಕ್ಟೋಬರಿನಲ್ಲಿ ಶುರುವಾದ, ಮನಸ್ಸಿನ ತೊಂದರೆಗೆಂದೇ ಇರುವ ಸರಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ. ಭಾಷೆ ಆರಿಸಬಹುದು, ಕನ್ನಡವೂ ಇದೆ.

ಹೋಗುವ ಹಿಂದಿನ ದಿನ ತಮ್ಮನ ಹತ್ತಿರ ಮನೆಮಾತಿನಲ್ಲೇ ಕೇಳಿ: ಯಾವಾಗಿಂದ, ರಾತ್ರಿ ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ, ಏನು ಹೆದರಿಕೆ. ಅವನು ಹೇಳಿದ ಹಾಗೇ ಒಂದು ಹಾಳೆಯಲ್ಲಿ ಬರೆದು, ಅವನ ಕಿಸೆಯಲ್ಲೇ ಇಡಿ.